ಹಳೇ ಕಾರ್ಟೂನ್‌ಗಳಲ್ಲಿ ಎಲ್ಲರೂ ಯಾಕೆ ಕುಣಿಯುತ್ತಲೇ ಇರುತ್ತಾರೆ?

ಪ್ರಶ್ನೆ: ಮಗಳ ಜೊತೆ ಕೂತು 1928–32ರ ಕಾಲದ ಕಪ್ಪು-ಬಿಳುಪು ಕಾರ್ಟೂನ್‌ಗಳನ್ನು ನೋಡಿದೆ. ಕತೆ ಅಂತ ಏನೂ ಇಲ್ಲ. ಎಲ್ಲರೂ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತಾ ಇರುತ್ತಾರೆ. ಮಗಳು ಬಿದ್ದು ಬಿದ್ದು ನಕ್ಕಳು, ನನಗೆ ಬೇಜಾರಾಯಿತು. ಇವನ್ನು ಅಷ್ಟೊಂದು ಹೊಗಳುವುದು ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಗಳಿಗೆ ತಾಳ ಸಿಕ್ಕಿದೆ. ಇನ್ನೊಂದು ಸಲ ನೋಡುವಾಗ ಕತೆಯನ್ನು ಬಿಟ್ಟುಬಿಡಿ, ಕಿವಿ ಕೊಟ್ಟು ನೋಡಿ.

ಮಿಕ್ಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ 1928ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ತೆರೆ ಕಂಡಿತು. ಧ್ವನಿ ಇದ್ದ ಮೊದಲ ಕಾರ್ಟೂನ್ ಅದಲ್ಲ. ಮ್ಯಾಕ್ಸ್ ಫ್ಲೈಷರ್ ಸ್ಟುಡಿಯೋದವರು ಅದಕ್ಕೂ ಕೆಲವು ವರ್ಷ ಮೊದಲೇ ಧ್ವನಿ ಸೇರಿಸಿದ ಹಾಡಿನ ಕಾರ್ಟೂನ್ ಮಾಡಿದ್ದರು. ಡಿಸ್ನಿಯವರ ಹೆಚ್ಚುಗಾರಿಕೆ ಇದ್ದದ್ದು ಲೆಕ್ಕದಲ್ಲಿ. ಅಲ್ಲಿ ವಿಲ್ಫ್ರೆಡ್ ಜಾಕ್ಸನ್ ಅನ್ನುವ ಹುಡುಗ ಮೆಟ್ರೊನೋಮ್ (ಟಕ್ ಟಕ್ ಅಂತ ತಾಳ ಹಾಕುವ ಯಂತ್ರ) ಇಟ್ಟುಕೊಂಡು ತಾಳವನ್ನು ಫ್ರೇಮ್‌ಗಳಿಗೆ, ಅಂದರೆ ಫಿಲಂನ ಒಂದೊಂದು ಚಿತ್ರಕ್ಕೆ, ಹೊಂದಿಸುವ ದಾರಿ ಹುಡುಕಿದ. ಟಾಕಿ ಫಿಲಂ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಅರ್ಧ ಸೆಕೆಂಡಿಗೆ ಒಂದು ಪೆಟ್ಟು ಬೇಕು ಅಂದರೆ ಪ್ರತಿ 12ನೇ ಫ್ರೇಮಿಗೆ ಕಾಲು ನೆಲ ಮುಟ್ಟಬೇಕು, ಅಷ್ಟೇ. ಈ ಲೆಕ್ಕ ಹಾಕಿಕೊಂಡೇ ಚಿತ್ರ ಬರೆದರು, ವಾದ್ಯದವರನ್ನು ಕರೆಸಿದ್ದು ಆಮೇಲೆ. ಆದರೂ ಮೊದಲ ರೆಕಾರ್ಡಿಂಗ್ ಕೈಕೊಟ್ಟಿತು, ಚಿತ್ರ ಒಂದು ಕಡೆ ವಾದ್ಯ ಒಂದು ಕಡೆ ಹೋಯಿತು. ಎರಡನೇ ಸಲ ಫಿಲಂ ಮೇಲೇ ತಾಳಕ್ಕೆ ಪುಟಿಯುವ ಗುರುತು ಹಾಕಿ, ಅದನ್ನು ನೋಡುತ್ತಾ ವಾದ್ಯ ನುಡಿಸಿದ ಮೇಲೆ ಕೂಡಿಬಂತು.

ನಿಮಗೆ ಬೇಜಾರು ತಂದ ಆ ಕುಣಿತ ಇದೇ ಲೆಕ್ಕದ್ದು. ಯಾರೂ ಸುಮ್ಮನೆ ನಿಲ್ಲುವುದಿಲ್ಲ, ಯಾಕಂದರೆ ತಾಳ ನಿಲ್ಲುವುದಿಲ್ಲ. ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಆಡೊಂದು ಹಾಡಿನ ಕಾಗದ ತಿಂದುಬಿಡುತ್ತದೆ, ಅದರ ಬಾಲ ಹಿಡಿದು ತಿರುಗಿಸಿದರೆ ಬಾಯಿಂದ ಹಾಡು ಬರುತ್ತದೆ, ಮಿಕ್ಕಿ ಹಸುವಿನ ಹಲ್ಲಿನ ಮೇಲೆ ಕೋಲು ಆಡಿಸಿದರೆ ಅದೂ ವಾದ್ಯ. ಏನು ಬೇಕಾದರೂ ವಾದ್ಯ ಆಗಬಹುದು ಅನ್ನುವುದೇ ಇಲ್ಲಿನ ತಮಾಷೆ. ಮರುವರ್ಷ ಬಂದ ‘ದಿ ಸ್ಕೆಲಿಟನ್ ಡಾನ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹೊಳಹು ಸಂಗೀತಗಾರ ಕಾರ್ಲ್ ಸ್ಟಾಲಿಂಗ್ ಅವರದು, ಚಿತ್ರಗಳಲ್ಲಿ ಹೆಚ್ಚಿನವು ಡಿಸ್ನಿಯ ಚಿತ್ರಗಾರ ಅಬ್ ಐವರ್ಕ್ಸ್ ಕೈಯಿಂದ ಬಂದವು. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನೇ ಕೈಯಲ್ಲಿರುವ ಮೂಳೆಗಳಿಂದ ಬಾರಿಸುವ ಭಾಗವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ, ಆಮೇಲೆ ಕಣ್ಣು ಬಿಟ್ಟು ನೋಡಿ. ಎಷ್ಟು ಕೆಲಸ ಹಿಡಿದಿರಬೇಕು ಅಂತ ಗೊತ್ತಾಗುತ್ತದೆ.

ನನಗೆ ಮಾತ್ರ ಡಿಸ್ನಿಗಿಂತ ಫ್ಲೈಷರ್ ಜಾಸ್ತಿ ಇಷ್ಟ. ಅವರದು ನ್ಯೂಯಾರ್ಕ್ ಊರಿನ ಜಾಝ್, ಕತ್ತಲು, ದೆವ್ವ, ಒಂದು ಚೂರೂ ನಾಜೂಕಿಲ್ಲ. 1932ರ ‘ಮಿನ್ನಿ ದ ಮೂಚರ್’ ನೋಡಿ. ಶುರುವಿನಲ್ಲಿ ಜಾಝ್ ಹಾಡುಗಾರ ಕ್ಯಾಬ್ ಕ್ಯಾಲೋವೇ ನಿಜವಾಗಿಯೂ ತೆರೆ ಮೇಲೆ ಬಂದು ತೇಲುತ್ತಾ ಕುಣಿಯುತ್ತಾರೆ. ಆಮೇಲೆ ಅಪ್ಪ-ಅಮ್ಮನ ಬೈಗುಳ ತಾಳಲಾರದೆ ಮನೆ ಬಿಟ್ಟ ಕಾರ್ಟೂನ್ ನಾಯಕಿ ಬೆಟ್ಟಿ ಬೂಪ್ ಗುಹೆಯೊಳಗೆ ಹೋದರೆ, ಅಲ್ಲಿ ಒಂದು ವಾಲ್ರಸ್ (ಕೋರೆಹಲ್ಲಿನ ಕಡಲ ಪ್ರಾಣಿ) ದೆವ್ವ ಥೇಟ್ ಕ್ಯಾಲೋವೇ ಹೆಜ್ಜೆಯಲ್ಲೇ ಕುಣಿದು ಹಾಡುತ್ತದೆ. ಅವರ ಕುಣಿತದ ಫಿಲಂ ಮೇಲೆ ಒಂದೊಂದೇ ಫ್ರೇಮ್ ಗೆರೆ ತಿದ್ದಿ ಮಾಡಿದ್ದು ಅದು. ರೋಟೋಸ್ಕೋಪ್ ಅನ್ನುವ ಆ ಉಪಾಯ ಫ್ಲೈಷರ್ ಅವರದೇ. ದೆವ್ವಕ್ಕೆ ಮನುಷ್ಯನ ನಡಿಗೆ ಬಂದಿದೆಯಲ್ಲ, ಅದಕ್ಕೇ ನಗುವಿನ ಜೊತೆ ಒಂಚೂರು ಭಯವೂ ಆಗುತ್ತದೆ.

ಪ್ರಶ್ನೆ: ಈ ಕಾರ್ಟೂನ್‌ಗಳಲ್ಲಿ ಕಪ್ಪು ಜನರನ್ನು ಗೇಲಿ ಮಾಡಿದ್ದಾರಂತೆ. ಮಕ್ಕಳಿಗೆ ತೋರಿಸಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೌದು, ಮಾಡಿದ್ದಾರೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಮಿನ್‌ಸ್ಟ್ರೆಲ್ ನಾಟಕಗಳ ನೆರಳು ಇವುಗಳ ಮೇಲೆ ದಟ್ಟವಾಗಿದೆ. ವಾರ್ನರ್ ಸ್ಟುಡಿಯೋದ ಮೊದಲ ಕಾರ್ಟೂನ್ ನಾಯಕ ಬಾಸ್ಕೋ ಅದೇ ಅಚ್ಚಿನವನು. ಕ್ಯಾಲೋವೇ ಥರದ ಕಪ್ಪು ಕಲಾವಿದರ ಸಂಗೀತದಿಂದಲೇ ಜೀವ ಪಡೆದ ಕಾರ್ಟೂನ್‌ಗಳು ಅದೇ ಜನರನ್ನು ಹೀಗೆ ಬರೆದವು ಅನ್ನುವುದು ನನಗೆ ತುಂಬಾ ಬೇಸರದ ವಿಷಯ. ಹಾಗಾಗಿ ಮೊದಲು ನೀವೊಬ್ಬರೇ ನೋಡಿ. ಚಿಕ್ಕ ಮಕ್ಕಳಾದರೆ ಅಂಥವು ಬೇಡ. ಸ್ವಲ್ಪ ದೊಡ್ಡವರಾದರೆ ಜೊತೆಗೆ ಕೂತು, ಆ ಚಿತ್ರ ಯಾಕೆ ತಪ್ಪು ಅಂತ ಆಗಲೇ ಹೇಳಿ. ಶುರುವಿಗೆ ‘ಸ್ಕೆಲಿಟನ್ ಡಾನ್ಸ್’ ಒಳ್ಳೆಯದು, ಮಾತೇ ಇಲ್ಲದ್ದರಿಂದ ಭಾಷೆಯ ತೊಡಕೂ ಇಲ್ಲ. ದೆವ್ವ ಅಂದರೆ ಹೆದರುವ ಮಗುವಾದರೆ ಹಗಲು ಹೊತ್ತಿನಲ್ಲಿ ತೋರಿಸಿ.