ಓದುಗರ ಪ್ರಶ್ನೆ, ನಮ್ಮ ಉತ್ತರ: ವಜ್ರದೊಳಗೆ ಚುಕ್ಕೆ ಇದ್ರೆ ಉಂಗುರ ತಗೋಬಾರ್ದಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಕೋಲಾರದೋನು, ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ. ಮುಂದಿನ ತಿಂಗಳು ನಿಶ್ಚಿತಾರ್ಥ ಇದೆ, ಹುಡುಗಿಗೆ ಒಂದೇ ಕಲ್ಲಿನ ವಜ್ರದ ಉಂಗುರ ಹಾಕ್ಬೇಕು ಅಂತ ಒಂದು ಲಕ್ಷ ಎತ್ತಿಟ್ಟಿದೀನಿ. ಮೊನ್ನೆ ಅಂಗಡಿಗೆ ಹೋದ್ರೆ ಎರಡು ಕಲ್ಲು ತೋರಿಸಿದ್ರು, ಎರಡೂ 30 ಸೆಂಟು, ಒಂದು ವಿವಿಎಸ್1 ಅಂತೆ ಇನ್ನೊಂದು ಎಸ್‌ಐ1 ಅಂತೆ, ರೇಟಲ್ಲಿ 22 ಸಾವಿರ ವ್ಯತ್ಯಾಸ, ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣ್ತು. ಜೊತೆಗೆ ಬಂದಿದ್ದ ನಮ್ಮ ಸೋದರತ್ತೆ ಲೂಪ್ ಅನ್ನೋ ಭೂತಗನ್ನಡಿ ಇಟ್ಕೊಂಡು ನೋಡಿ, ಎಸ್‌ಐ ಕಲ್ಲೊಳಗೆ ಕಪ್ಪು ಚುಕ್ಕೆ ಇದೆ ಕಣೋ, ದೋಷ ಇರೋ ವಜ್ರ ಮನೆಗೆ ಬರೋ ಹುಡುಗಿ ಕೈಗೆ ಹಾಕ್ಬಾರ್ದು ಅಂದ್ರು. ಅಂಗಡಿಯೋರೂ ‘ಎಸ್‌ಐ ಅಂದ್ರೆ ಸೆಕೆಂಡ್ ಕ್ವಾಲಿಟಿ ಸಾರ್’ ಅಂದ್ಬಿಟ್ರು. ನಾನು ಏನೂ ತಗೊಳ್ದೆ ವಾಪಸ್ ಬಂದೆ. ಈ ಕ್ಲಾರಿಟಿ ಅನ್ನೋದು ನಿಜವಾಗ್ಲೂ ಏನು, ಅದಕ್ಕೆ ಎಷ್ಟು ದುಡ್ಡು ಹಾಕೋದು ನ್ಯಾಯ?

ಉತ್ತರ: ತಮ್ಮಾ, ಏನೂ ತಗೊಳ್ದೆ ವಾಪಸ್ ಬಂದೆ ಅಂದ್ಯಲ್ಲ, ಅದು ಒಳ್ಳೇದೇ ಆಯ್ತು. ನಮ್ಮಪ್ಪ ದೊಡ್ಡಪೇಟೆ ಕಡೆ ಅಕ್ಕಸಾಲಿ ಕೆಲಸ ಮಾಡ್ಕೊಂಡಿದ್ದೋರು, ನಾನು ಬೆಳೆದಿದ್ದೇ ಆ ಕುಲುಮೆ ಪಕ್ಕದಲ್ಲಿ, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನಮ್ಮ ಕೋಲಾರದ ಜನಕ್ಕೆ ಒಂದು ಅಭ್ಯಾಸ ಇದೆ. ಕೆಜಿಎಫ್‌ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಅದಾಗಿ ಇಷ್ಟು ವರ್ಷ ಆದ್ರೂ ನಾವಿನ್ನೂ ಎಲ್ಲಾನೂ ಚಿನ್ನದ ಲೆಕ್ಕದಲ್ಲೇ ಅಳೀತೀವಿ. ಚಿನ್ನದಲ್ಲಿ 24 ಅಂದ್ರೆ ಅಪ್ಪಟ, 22 ಅಂದ್ರೆ ಸ್ವಲ್ಪ ತಾಮ್ರ ಬೆಳ್ಳಿ ಸೇರಿದೆ, 18 ಅಂದ್ರೆ ಇನ್ನೂ ಜಾಸ್ತಿ ಸೇರಿದೆ. ಅದೇ ತಲೇಲಿ ಇಟ್ಕೊಂಡು ವಜ್ರದ ಅಂಗಡಿಗೆ ಹೋದ್ರೆ ವಿವಿಎಸ್ ಅಂದ್ರೆ 24 ಕ್ಯಾರಟ್ ಥರ, ಎಸ್‌ಐ ಅಂದ್ರೆ ಬೆರಕೆ ಮಾಲು ಅನ್ಸತ್ತೆ. ಹಾಗಲ್ಲ. ಎಸ್‌ಐ ವಜ್ರದಲ್ಲಿ ಯಾರೂ ಏನೂ ಬೆರೆಸಿಲ್ಲ, ವಿವಿಎಸ್ ಎಷ್ಟು ಇಂಗಾಲವೋ ಅದೂ ಅಷ್ಟೇ ಇಂಗಾಲ, ಎರಡೂ ಭೂಮಿ ಒಳಗೆ ನೂರೈವತ್ತು ಕಿಲೋಮೀಟರ್‌ ಆಸುಪಾಸು ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ಹುಟ್ಟಿದ್ದೇ, ಆ ಹುಟ್ಟೋ ಹೊತ್ತಲ್ಲಿ ಒಂದರೊಳಗೆ ಪಕ್ಕದ ಖನಿಜದ ಒಂದು ಹರಳು ಸಿಕ್ಕಾಕ್ಕೊಳ್ತು ಇಲ್ಲಾ ಒಂದು ಸಣ್ಣ ಸೀಳು ಬಿತ್ತು, ಇನ್ನೊಂದಕ್ಕೆ ಹಾಗಾಗ್ಲಿಲ್ಲ, ವ್ಯತ್ಯಾಸ ಇಷ್ಟೇ. ಚಿನ್ನನ ಕರಗಿಸಿ ಕಿಟ್ಟ ತೆಗೀಬಹುದು, ವಜ್ರನ ಕರಗಿಸಿ ಚೊಕ್ಕ ಮಾಡಕ್ಕಾಗಲ್ಲ, ಅದು ಹುಟ್ಟಿದ ಹಾಗೇ ಇರತ್ತೆ. (ಕ್ಯಾರಟ್ ಅನ್ನೋ ಪದಾನೂ ಇದೇ ಗೊಂದಲ. ಚಿನ್ನಕ್ಕೆ ಅದು ಶುದ್ಧತೆ, ವಜ್ರಕ್ಕೆ ತೂಕ. ಒಂದು ಕ್ಯಾರಟ್ ಅಂದ್ರೆ 200 ಮಿಲಿಗ್ರಾಂ, ಅದನ್ನ 100 ಸೆಂಟು ಮಾಡ್ತಾರೆ, ನೀನು ನೋಡಿದ 30 ಸೆಂಟಿನ ಕಲ್ಲು 60 ಮಿಲಿಗ್ರಾಂ, ಅಗಲ ಸುಮಾರು 4.3 ಮಿಲಿಮೀಟರ್.)

ಈಗ ಗ್ರೇಡು. ಕಲ್ಲಲ್ಲಿ ಈ ಥರ ಹರಳು, ಸೀಳು ಎಷ್ಟು ಕಮ್ಮಿ ಇದೆ ಅನ್ನೋದೇ ಕ್ಲಾರಿಟಿ. ಜಗತ್ತಲ್ಲಿ ಹೆಚ್ಚಾಗಿ ನಡೆಯೋದು ಅಮೆರಿಕದ ಜಿಐಎ ಸಂಸ್ಥೆ 1953ರಲ್ಲಿ ತಂದ ಅಳತೆ. ಹನ್ನೊಂದು ಮೆಟ್ಟಿಲು. ಮೇಲೆ ಎಫ್‌ಎಲ್, ಆಮೇಲೆ ಐಎಫ್ (ಇವೆರಡರ ಒಳಗೆ ಏನೂ ಕಾಣಲ್ಲ), ಆಮೇಲೆ ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಕೊನೇಲಿ ಐ1, ಐ2, ಐ3. ಯಾರಾದ್ರೂ ಎಸ್‌ಐ3 ಅಂತ ಹೇಳಿದ್ರೆ ಜಿಐಎ ಅಳತೇಲಿ ಅಂಥದ್ದೊಂದು ಮೆಟ್ಟಿಲೇ ಇಲ್ಲ ಅಂತ ಜ್ಞಾಪಕ ಇಟ್ಕೋ. ಇಲ್ಲಿ ಮುಖ್ಯವಾದ ಮಾತು ಏನಂದ್ರೆ ಈ ಗ್ರೇಡ್ ಕೊಡೋದು ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ವಿವಿಎಸ್ ಅಂದ್ರೆ ಪಳಗಿದ ಕಣ್ಣಿಗೇ ಹತ್ತು ಪಟ್ಟಲ್ಲೂ ಸಿಗೋದು ಕಷ್ಟ, ವಿಎಸ್ ಅಂದ್ರೆ ಹುಡುಕಿದ್ರೆ ಸಿಗತ್ತೆ, ಎಸ್‌ಐ ಅಂದ್ರೆ ಹತ್ತು ಪಟ್ಟಲ್ಲಿ ಕಣ್ಣಿಗೆ ಬೀಳತ್ತೆ, ಐ ಅಂದ್ರೆ ಎದ್ದು ಕಾಣತ್ತೆ, ಕಲ್ಲಿನ ಹೊಳಪನ್ನೂ ತಿನ್ನಬಹುದು. ನಿಮ್ಮತ್ತೆ ಲೂಪಲ್ಲಿ ನೋಡಿ ಚುಕ್ಕೆ ಕಂಡ್ರು ಅಂದ್ರಲ್ಲ, ಕಾಣ್ಲೇಬೇಕು, ಕಾಣೋದಕ್ಕೇ ಅದನ್ನ ಎಸ್‌ಐ ಅಂದಿರೋದು. ಆದ್ರೆ ನಿನ್ನ ಹುಡುಗಿ ಕೈ ನೋಡೋರು ಯಾರೂ ಲೂಪ್ ಹಿಡ್ಕೊಂಡು ನೋಡಲ್ಲ, ನಿನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣ್ತು ಅಂದ್ಯಲ್ಲ, ಆ ನಿನ್ನ ಕಣ್ಣೇ ಸರಿ. ‘ಸೆಕೆಂಡ್ ಕ್ವಾಲಿಟಿ’ ಅನ್ನೋದು ಆ ಅಂಗಡಿಯೋರ ಮಾತು, ಗ್ರೇಡಿಂಗಲ್ಲಿ ಅಂಥ ಮಾತಿಲ್ಲ.

ಹಂಗಂತ ಎಸ್‌ಐ ಅಂದ್ರೆ ಎಲ್ಲಾ ಒಂದೇ ಅಂತ ತಗೋಬೇಡ. ಒಂದೇ ಎಸ್‌ಐ1 ಅಂತ ಬರೆದಿರೋ ಎರಡು ಕಲ್ಲಲ್ಲಿ ಒಂದು ಚಿನ್ನದಂಥ ಕಲ್ಲಿರತ್ತೆ, ಇನ್ನೊಂದು ಬೇಡವೇ ಬೇಡ ಅನ್ನೋ ಥರ ಇರತ್ತೆ. ಚುಕ್ಕೆ ಎಷ್ಟು ದೊಡ್ಡದು, ಎಷ್ಟಿದೆ, ಎಲ್ಲಿದೆ, ಏನದು, ಬಣ್ಣ ಇದೆಯಾ, ಇವಿಷ್ಟನ್ನೂ ಸೇರಿಸಿ ಒಂದು ಗ್ರೇಡ್ ಕೊಡ್ತಾರೆ, ನೀನು ಆ ಗ್ರೇಡನ್ನ ಮತ್ತೆ ಬಿಡಿಸಿ ನೋಡ್ಬೇಕು. ಕಲ್ಲಿನ ಮೇಲಿನ ಚಪ್ಪಟೆ ಮುಖ ಇರತ್ತಲ್ಲ, ಟೇಬಲ್ ಅಂತಾರೆ, ಅದರ ನಟ್ಟನಡುವೆ ಕಪ್ಪು ಹರಳು ಕೂತಿದ್ರೆ ಸುತ್ತ ಇರೋ ಮುಖಗಳಲ್ಲಿ ಅದರ ಪ್ರತಿಬಿಂಬ ಬಿದ್ದು ಒಂದು ಚುಕ್ಕೆ ನಾಲ್ಕೈದಾಗಿ ಕಾಣ್ಬಹುದು. ಅದೇ ಚುಕ್ಕೆ ಅಂಚಿಗಿದ್ರೆ ಉಂಗುರದ ಹಲ್ಲು ಅದರ ಮೇಲೇ ಬರೋ ಹಾಗೆ ಕೂರಿಸ್ತಾರೆ, ಮುಚ್ಚೋಗತ್ತೆ. ಬಿಳೀ ಚುಕ್ಕೆ ಆದ್ರಂತೂ ಹೊಳಪಲ್ಲಿ ಗೊತ್ತೇ ಆಗಲ್ಲ. ಇನ್ನೊಂದು ಮೋಡ, ಕ್ಲೌಡ್ ಅಂತ ಲ್ಯಾಬಿನೋರು ಕೊಡೋ ಗ್ರೇಡಿಂಗ್ ರಿಪೋರ್ಟಲ್ಲಿ ಬರೆದಿರ್ತಾರೆ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳ ಗುಂಪು, ಚಿಕ್ಕದಿದ್ರೆ ತೊಂದ್ರೆ ಇಲ್ಲ, ಆದ್ರೆ ಎಸ್‌ಐ ಕಲ್ಲಿನ ರಿಪೋರ್ಟಲ್ಲಿ ‘ಈ ಗ್ರೇಡು ಚಿತ್ರದಲ್ಲಿ ತೋರಿಸದ ಮೋಡಗಳಿಂದ ಬಂದಿದೆ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಇದ್ರೆ ಆ ಕಲ್ಲನ್ನ ಬೇರೆ ಕಲ್ಲಿನ ಪಕ್ಕ ಇಟ್ಟು ನೋಡು, ಹಾಲು ಚೆಲ್ಲಿ ಒರೆಸಿದ ಗಾಜಿನ ಥರ ಮಂಕಾಗಿದ್ರೆ ಬಿಟ್ಬಿಡು. ಅಂಗಡೀಲಿ ‘ಮಿಲ್ಕಿ ಇದೆಯಾ?’ ಅಂತ ಕೇಳು, ಆ ಮಾತು ಅವರಿಗೆ ಚೆನ್ನಾಗಿ ಗೊತ್ತು. ವ್ಯಾಪಾರದೋರು ಅವರವರಲ್ಲೇ ‘ನೋ ಬಿಜಿಎಂ’ ಅಂತಾರೆ, ಬ್ರೌನ್ ಇಲ್ಲ ಗ್ರೀನ್ ಇಲ್ಲ ಮಿಲ್ಕಿ ಇಲ್ಲ ಅಂತ. ನೀನೂ ಹಂಗೇ ಕೇಳು.

ನಾನು ಎಲ್ಲಕ್ಕಿಂತ ಹೆದರೋದು ಫೆದರ್‌ಗೆ. ಹೆಸರು ಗರಿ ಅಂತ ಮೃದುವಾಗಿದೆ, ನಿಜದಲ್ಲಿ ಅದೊಂದು ಸೀಳು. ನನ್ನ ತಂಗಿ ಮದುವೆಗೆ ಕೊಂಡ ಉಂಗುರದ ಕಲ್ಲು ಎಸ್‌ಐ2, ರಿಪೋರ್ಟಲ್ಲಿ ಮೊದಲನೇ ಹೆಸರೇ ಫೆದರ್ ಅಂತ ಇತ್ತು, ಅಂಗಡಿಯೋರು ಹೇಳ್ಲಿಲ್ಲ ನಾವೂ ಓದ್ಲಿಲ್ಲ, ಅಪ್ಪ ಆಗ ಇರ್ಲಿಲ್ಲ. ಆ ಸೀಳು ಕಲ್ಲಿನ ಅಂಚಿಗೆ ಬಂದು ಹೊರಗೆ ಬಾಯಿ ತೆರೆದಿತ್ತು. ಒಂದಿನ ಅಡುಗೆಮನೆ ಕಲ್ಲಿಗೆ ಕೈ ತಾಗಿದ್ದು, ಅಷ್ಟೇ, ಅಂಚಲ್ಲಿ ಚಕ್ಕೆ ಎದ್ದು ಹೋಯ್ತು. ವಜ್ರ ಗಟ್ಟಿ ಅಂದ್ರೆ ಗೀರು ಬೀಳಲ್ಲ ಅಂತ ಅರ್ಥ, ಒಡೆಯಲ್ಲ ಅಂತ ಅಲ್ಲ. ಅವತ್ತು ಅವಳು ಅತ್ತಿದ್ದು ನನಗೆ ಇವತ್ತಿಗೂ ಮರೆಯಕ್ಕಾಗಿಲ್ಲ. ಅದಕ್ಕೇ ಹೇಳ್ತೀನಿ, ಒಳಗೇ ಇರೋ ಸಣ್ಣ ಫೆದರ್ ಪರವಾಗಿಲ್ಲ, ಮೇಲ್ಮೈಗೆ ಅಥವಾ ಅಂಚಿಗೆ ಬಂದಿರೋ ದೊಡ್ಡ ಫೆದರ್ ಬೇಡ, ಗ್ರೇಡ್ ಏನೇ ಇರ್ಲಿ. ರಿಪೋರ್ಟಲ್ಲಿ ಕಲ್ಲಿನ ಚಿತ್ರ ಇದ್ರೆ ಕೆಂಪು ಗುರುತು ಒಳಗಿನದು, ಹಸಿರು ಮೇಲ್ಮೈದು. ಚಿಕ್ಕ ಕಲ್ಲಿಗೆ ಜಿಐಎ ಕೊಡೋ ಡೋಸಿಯರ್ ಅನ್ನೋ ಸಣ್ಣ ರಿಪೋರ್ಟಲ್ಲಿ ಈ ಚಿತ್ರ ಇರಲ್ಲ, ಹೆಸರುಗಳಷ್ಟೇ ಇರತ್ತೆ, ಅವಾಗ ಅಂಗಡಿಯೋರನ್ನೇ ಲೂಪ್ ಕೊಟ್ಟು ‘ಎಲ್ಲಿದೆ ತೋರ್ಸಿ’ ಅನ್ನು. ತೋರ್ಸಕ್ಕೆ ಬರಲ್ಲ ಅಂದ್ರೆ ಅವರ ಹತ್ರ ಕೊಳ್ಳೋದು ಬೇಡ.

ಅತ್ತೆ ಮಾತಿಗೆ ಬರ್ತೀನಿ. ಅವರ ಮಾತನ್ನ ತಳ್ಳಿಹಾಕಬೇಡ, ಅದು ಇವತ್ತಿನದಲ್ಲ. ನಮ್ಮ ಹಳೇ ರತ್ನಪರೀಕ್ಷೆ ಗ್ರಂಥಗಳಲ್ಲೇ ವಜ್ರದ ದೋಷಗಳು ಅಂತ ಬಿಂದು, ರೇಖೆ, ಕಾಕಪದ ಅಂತೆಲ್ಲಾ ಹೆಸರಿಟ್ಟು ಬರೆದಿದಾರೆ, ಕಾಕಪದ ಅಂದ್ರೆ ಕಾಗೆ ಕಾಲಿನ ಗುರುತು. ಲೂಪ್ ಇಲ್ಲದ ಕಾಲದಲ್ಲಿ ಬರಿಗಣ್ಣಿಗೆ ಕಂಡ ದೋಷ ಅವು, ಅಂದ್ರೆ ಇವತ್ತಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಐ ಗ್ರೇಡಿನ ಮಾತು. ಇದನ್ನ ಅತ್ತೆಗೆ ಸಮಾಧಾನವಾಗಿ ಹೇಳು. ಅಷ್ಟಾದ್ರೂ ಅವರ ಮನಸ್ಸು ಒಪ್ಪದೆ ಇದ್ರೆ ದಾರಿ ಇದೆ, ಅದೇ ವಿಎಸ್2 ಇಲ್ಲಾ ಎಸ್‌ಐ1ನಲ್ಲೇ ಕಪ್ಪು ಚುಕ್ಕೆ ಇಲ್ಲದ್ದು ಕೇಳು, ಬರೀ ಬಿಳೀ ಸೂಜಿಮೊನೆಯಂಥ ಚುಕ್ಕೆ ಇರೋ ಕಲ್ಲುಗಳು ಬೇಕಾದಷ್ಟು ಸಿಗತ್ವೆ. ನಿಶ್ಚಿತಾರ್ಥದ ದಿನ ಹಿರಿಯರ ಮನಸ್ಸಲ್ಲಿ ಕೊರಗು ಇರಬಾರ್ದು, ಅದಕ್ಕೋಸ್ಕರ ಸ್ವಲ್ಪ ಓಡಾಡೋದ್ರಲ್ಲಿ ತಪ್ಪಿಲ್ಲ.

ನೋಡೋ ರೀತಿ ಹೇಳ್ತೀನಿ. ಅಂಗಡಿ ದೀಪದ ಕೆಳಗೆ ಅಮೆರಿಕನ್ ಡೈಮಂಡೂ ಮಿರಮಿರ ಅನ್ನತ್ತೆ. ನಮ್ಮಪ್ಪ ಯಾವ ಕಲ್ಲೇ ಬರ್ಲಿ ಮೊದಲು ಹೊಸ್ತಿಲಿಗೆ ತಂದು ಹಗಲು ಬೆಳಕಲ್ಲಿ ನೋಡೋರು, ಬಿಸಿಲಿಗಲ್ಲ, ನೆರಳಿಗೆ. ನೀನೂ ಅಂಗಡಿ ಬಾಗಿಲ ಹತ್ರ ಬಂದು ಒಂದಡಿ ದೂರದಿಂದ ಅಲ್ಲಾಡಿಸಿ ನೋಡು, ಚುಕ್ಕೆ ಕಾಣದೆ ಇದ್ರೆ ಅದು ‘ಐ ಕ್ಲೀನ್’ (ಇಲ್ಲಿ ಐ ಅಂದ್ರೆ ಕಣ್ಣು, ಐ ಗ್ರೇಡಲ್ಲ), ನಿನಗೆ ಬೇಕಾಗಿರೋದು ಅಷ್ಟೇ. ಸಾಧ್ಯ ಇದ್ರೆ ಕೂರಿಸೋಕೆ ಮುಂಚೆ ಬಿಡಿಕಲ್ಲಾಗೇ ನೋಡು, ಕೂರಿಸಿದ ಮೇಲೆ ಹಲ್ಲು ಅರ್ಧ ಮುಚ್ಚಿರತ್ತೆ, ಲ್ಯಾಬಿನೋರಿಗೂ ಕೂತಿರೋ ಕಲ್ಲಿಗೆ ಸರಿಯಾಗಿ ಗ್ರೇಡ್ ಕೊಡೋದು ಕಷ್ಟ. ರಿಪೋರ್ಟ್ ನಂಬರನ್ನ ಕಲ್ಲಿನ ಅಂಚಲ್ಲಿ ಲೇಸರಲ್ಲಿ ಬರೆದಿದ್ರೆ ಲೂಪಲ್ಲಿ ಓದ್ಸಿ, ಅದೇ ನಂಬರ್ ಜಿಐಎ ಇಲ್ಲಾ ಐಜಿಐ (ಇದೂ ಒಂದು ಗ್ರೇಡಿಂಗ್ ಲ್ಯಾಬು) ವೆಬ್‌ಸೈಟಲ್ಲಿ ಹಾಕಿ ತೂಕ ಅಳತೆ ಹೊಂದತ್ತಾ ನೋಡ್ಕೊ.

ಇನ್ನೊಂದು ಎಚ್ಚರಿಕೆ. ಸೀಳಿಗೆ ಗಾಜಿನಂಥ ವಸ್ತು ತುಂಬಿ ಕ್ಲೀನ್ ಕಾಣೋ ಹಾಗೆ ಮಾಡೋ ಕಲ್ಲುಗಳಿದಾವೆ. ಜಿಐಎ ಅಂಥ ಕಲ್ಲಿಗೆ ಗ್ರೇಡಿಂಗ್ ರಿಪೋರ್ಟೇ ಕೊಡಲ್ಲ. ಮುಂದೆ ಉಂಗುರ ದೊಡ್ಡದು ಚಿಕ್ಕದು ಮಾಡಿಸೋವಾಗ ಅಕ್ಕಸಾಲಿ ಬೆಂಕಿ ತಾಗಿಸಿದ್ರೆ ಆ ತುಂಬಿದ್ದು ಹಾಳಾಗಿ ಸೀಳು ಮತ್ತೆ ಕಾಣತ್ತೆ. ರೇಟು ತುಂಬಾ ಕಮ್ಮಿ ಇದ್ದು ರಿಪೋರ್ಟ್ ಇಲ್ಲ ಅಂದ್ರೆ ಕೈ ಹಾಕ್ಬೇಡ.

ಹಾಗಾದ್ರೆ ನಿನ್ನ ಒಂದು ಲಕ್ಷ? ನಾನಾದ್ರೆ ವಿವಿಎಸ್ ಕೇಳಲ್ಲ. ನಮ್ಮ ದಕ್ಷಿಣದ ಕಡೆ ಅಂಗಡಿಗಳಲ್ಲಿ ‘ಇಎಫ್ ವಿವಿಎಸ್’ ಅಂತ ಒಂದೇ ಉಸಿರಲ್ಲಿ ಹೇಳಿ ಅಭ್ಯಾಸ, ಮೊದಲಿನ ಇಎಫ್ ಅನ್ನೋದು ಬಣ್ಣ, ಕೊನೇದು ಕ್ಲಾರಿಟಿ, ಜನಾನೂ ಅದನ್ನೇ ಕೇಳ್ತಾರೆ. ನೀನು ವಿಎಸ್2 ಇಲ್ಲಾ ಕಣ್ಣಿಗೆ ಕ್ಲೀನಾಗಿರೋ ಎಸ್‌ಐ1 ತಗೊಂಡು ಉಳಿದ ದುಡ್ಡನ್ನ ಕಟಿಂಗ್‌ಗೆ ಹಾಕು, ರೌಂಡ್ ಕಲ್ಲಿಗೆ ಜಿಐಎ ಕಟ್ ಗ್ರೇಡ್ ಕೊಡತ್ತೆ, ಎಕ್ಸಲೆಂಟ್ ಇರೋದೇ ತಗೊ. ಕಲ್ಲು ಹೊಳೆಯೋದು ಕಟಿಂಗಿಂದ, ಕ್ಲಾರಿಟಿಯಿಂದಲ್ಲ, ಕೆಟ್ಟ ಕಟಿಂಗ್ ಇರೋ ವಿವಿಎಸ್ ಕಲ್ಲು ಒಳಗೆ ಎಷ್ಟು ಚೊಕ್ಕ ಇದ್ರೂ ಸತ್ತ ಮೀನಿನ ಕಣ್ಣಿನ ಥರ ಕಾಣತ್ತೆ. ಉದ್ದಚೌಕದ ಎಮರಾಲ್ಡ್ ಕಟ್ ಮಾತ್ರ ಬೇರೆ, ಅದು ಕಿಟಕಿ ಇದ್ದ ಹಾಗೆ, ಒಳಗಿರೋದೆಲ್ಲಾ ಕಾಣತ್ತೆ, ಅದಕ್ಕೆ ವಿಎಸ್1ಗಿಂತ ಕೆಳಗೆ ಹೋಗ್ಬೇಡ. ಉಂಗುರದ ಚಿನ್ನ 18 ಕ್ಯಾರಟ್ಟಿಂದು ಮಾಡಿಸು, 22ರದು ಮೆತ್ತಗೆ, ಹಲ್ಲು ಬಾಗಿ ಕಲ್ಲು ಬೀಳತ್ತೆ. 18 ಕ್ಯಾರಟ್ಟಿನ ಗುರುತಾದ 750 ಮುದ್ರೆ, ಆ ಒಡವೆಗೇ ಅಂತ ಕೊಡೋ ಹಾಲ್‌ಮಾರ್ಕ್ ನಂಬರಾದ ಆರಕ್ಷರದ ಎಚ್‌ಯುಐಡಿ ಎರಡೂ ಇರ್ಬೇಕು, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡು. ಬಿಲ್ಲಲ್ಲಿ ಕಲ್ಲಿನ ತೂಕ, ಕಲರ್, ಕ್ಲಾರಿಟಿ, ರಿಪೋರ್ಟ್ ನಂಬರ್ ಬೇರೆ ಬೇರೆ ಬರೆಸ್ಕೊ, ವಾಪಸ್ ಕೊಟ್ರೆ ಎಷ್ಟು ಕಳೀತಾರೆ ಅನ್ನೋದನ್ನೂ ಬಾಯಲ್ಲಿ ಹೇಳಿಸ್ಕೋಬೇಡ, ಬರೆಸ್ಕೊ.

ಪ್ರಶ್ನೆ: ನಮ್ಮತ್ತೆಯೋರು ಕೊಟ್ಟ ಏಳು ಕಲ್ಲಿನ ವಜ್ರದ ಓಲೆ ಇದೆ, ‘ಬ್ಲೂ ಜಾಗರ್’ ಅಂತಿದ್ರು. ಮಗಳ ನಿಶ್ಚಿತಾರ್ಥಕ್ಕೆ ಅದರ ಒಂದು ಕಲ್ಲು ಬಿಚ್ಚಿ ಉಂಗುರ ಮಾಡಿಸೋಣ ಅಂತ, ಆದ್ರೆ ಒಂದೆರಡು ಕಲ್ಲು ಕಪ್ಪಗೆ ಕಾಣ್ತಿವೆ. ಕ್ಲಾರಿಟಿ ಕಮ್ಮಿನಾ? (ಮಾಲೂರಿನ ಓದುಗರು)

ಉತ್ತರ: ಅಮ್ಮಾ, ದಯವಿಟ್ಟು ಆತುರದಲ್ಲಿ ಬಿಚ್ಚಿಸಬೇಡಿ. ಜಾಗರ್ ಅನ್ನೋ ಹೆಸರು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದಿದ್ದು, ಬಿಸಿಲಲ್ಲಿ ತೆಳು ನೀಲಿ ಹೊಡೆಯೋ ಬಿಳೀ ಕಲ್ಲಿಗೆ ಹಂಗಂತಿದ್ರು, ಆಮೇಲೆ ಒಳ್ಳೇ ಕಲ್ಲಿಗೆಲ್ಲಾ ಅದೇ ಹೆಸರಾಯ್ತು. ಹಳೇ ಓಲೆಗಳಲ್ಲಿ ಎಷ್ಟೋ ಸಲ ಕಲ್ಲಿನ ಹಿಂದೆ ಚಿನ್ನದಲ್ಲಿ ಮುಚ್ಚಿ ಕೂರಿಸಿರ್ತಾರೆ, ವರ್ಷಾನುಗಟ್ಟಲೆ ಎಣ್ಣೆ, ಸೀಗೇಪುಡಿ, ಬೆವರು ಒಳಗೆ ಸೇರ್ಕೊಂಡು ಕಲ್ಲು ಕಪ್ಪಗೆ ಕಾಣತ್ತೆ, ಅದು ಕ್ಲಾರಿಟಿ ದೋಷ ಅಲ್ಲ, ಕೊಳೆ. ಹಿಂದೆ ಮುಚ್ಚಿದ್ರೆ ಮನೇಲಿ ನೀರಲ್ಲಿ ನೆನೆಸ್ಬೇಡಿ, ನೀರು ಒಳಗೇ ನಿಂತ್ಕೊಳ್ಳತ್ತೆ. ಕಲ್ಲು ಕೂರಿಸೋದ್ರಲ್ಲಿ ಕೈಪಳಗಿದ ಅಕ್ಕಸಾಲಿ ಹತ್ರ, ನಿಮ್ಮ ಕಣ್ಣೆದುರಿಗೇ, ಒಂದೇ ಒಂದು ಕಲ್ಲು ಬಿಚ್ಚಿಸಿ ತೊಳೆಸಿ ನೋಡಿ. ಅಂಚಲ್ಲಿ ಚಕ್ಕೆ ಎದ್ದಿಲ್ಲ ಅಂದ್ರೆ ಉಂಗುರಕ್ಕೆ ಆಗತ್ತೆ. ಹಳೇ ಕಟಿಂಗ್ ಇವತ್ತಿನ ಥರ ಮಿಂಚಲ್ಲ, ಆದ್ರೆ ಅಜ್ಜಿ ಕಿವೀಲಿದ್ದ ಕಲ್ಲು ಮೊಮ್ಮಗಳ ಬೆರಳಿಗೆ ಬರೋದಿದೆಯಲ್ಲ, ಅದಕ್ಕೆ ಗ್ರೇಡ್ ಹಾಕಿಸ್ಲೇಬೇಕು ಅಂತ ನನಗನ್ಸಲ್ಲ. ಬಿಚ್ಚೋಕೆ ಮುಂಚೆ ಪ್ರತಿ ಕಲ್ಲಿನ ಫೋಟೋ ತೆಗೆದು ಇಟ್ಕೊಳಿ.

ಪ್ರಶ್ನೆ: ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ವಿವಿಎಸ್ ಅಂತೆ, ರೇಟು ಬಹಳ ಕಮ್ಮಿ ಹೇಳ್ತಿದಾರೆ. ಮೋಸನಾ? (ಚಿಂತಾಮಣಿ)

ಉತ್ತರ: ಲ್ಯಾಬ್‌ದು ಅಂತ ಹೇಳಿ ಮಾರಿದ್ರೆ ಮೋಸ ಅಲ್ಲ. ಅದೂ ವಜ್ರವೇ, ಇಂಗಾಲವೇ, ಸಿವಿಡಿ ಇಲ್ಲಾ ಎಚ್‌ಪಿಎಚ್‌ಟಿ ಅನ್ನೋ ಎರಡು ರೀತಿಲಿ ಬೆಳೆಸ್ತಾರೆ. ಅದರಲ್ಲಿ ಒಳ್ಳೇ ಕ್ಲಾರಿಟಿ ಸಿಗೋದು ಅಪರೂಪ ಏನಲ್ಲ, ಆದ್ದರಿಂದ ವಿವಿಎಸ್ ಅನ್ನೋ ಪದಕ್ಕೆ ಗಣಿ ವಜ್ರದಲ್ಲಿ ಕೊಡೋ ಬೆಲೆ ಇಲ್ಲಿ ಕೊಡ್ಬೇಡಿ, ಮುಂದೆ ಮಾರಕ್ಕೆ ಹೋದ್ರೆ ಬರೋದು ತೀರಾ ಕಮ್ಮಿ. ಅಂಗಡಿಯೋರು ಪೆನ್ನಿನಂಥ ಟೆಸ್ಟರ್ ಇಟ್ಟು ‘ಕೀ’ ಅನ್ಸಿ ತೋರಿಸ್ತಾರಲ್ಲ, ಶಾಖ ನೋಡೋ ಆ ಪೆನ್ನು ಗಣಿ ವಜ್ರಕ್ಕೂ ಲ್ಯಾಬ್ ವಜ್ರಕ್ಕೂ ಒಂದೇ ಥರ ಕೂಗತ್ತೆ, ಎಷ್ಟೋ ಸಲ ವಜ್ರದ ಥರ ಕಾಣೋ ಮಾಯ್ಸನೈಟ್ ಅನ್ನೋ ಬೇರೆ ಕಲ್ಲಿಗೂ ಕೂಗತ್ತೆ. ರಿಪೋರ್ಟಲ್ಲಿ ‘ಲ್ಯಾಬೊರೇಟರಿ ಗ್ರೋನ್’ ಅಂತ ಇದೆಯಾ ನೋಡಿ, ಅದೇ ಮಾತು ಬಿಲ್ಲಲ್ಲೂ ಬರೆಸ್ಕೊಳಿ, ಹುಡುಗಿ ಮನೆಯೋರಿಗೂ ಮೊದಲೇ ಹೇಳ್ಬಿಡಿ.