ತಣ್ಣೀರು ಸುರಿದ್ರೆ ಬಿಸಿನೀರು ಯಾಕೆ ಕುದಿಯುತ್ತೆ?

ಪ್ರಶ್ನೆ: ಒಂಬತ್ತನೇ ಕ್ಲಾಸಿಗೆ ಆವಿ ಒತ್ತಡ (ನೀರಿನ ಆವಿ ತಳ್ಳೋ ಒತ್ತಡ) ತೋರಿಸೋಣ ಅಂತ ಫ್ಲಾಸ್ಕಲ್ಲಿ ನೀರು ಕುದಿಸಿ, ಬಿರಡೆ ಹಾಕಿ, ತಲೆಕೆಳಗು ಮಾಡಿ ಮೇಲೆ ತಣ್ಣೀರು ಸುರಿದೆ. ನೀರು ಮತ್ತೆ ಕುದೀತು. ಮಕ್ಕಳು ಚಪ್ಪಾಳೆ ಹೊಡೆದ್ರು, ಆದ್ರೆ ಒಬ್ಬ "ಮಿಸ್, ಅದು ಬಿರಡೆ ಸಂದಿಯಿಂದ ಒಳಗೆ ಹೋದ ಗಾಳಿ ಗುಳ್ಳೆ ಇರ್ಬೋದಲ್ವಾ" ಅಂದ. ನಮ್ಮಲ್ಲಿ ವ್ಯಾಕ್ಯೂಮ್ ಪಂಪ್ ಇಲ್ಲ. ಅವನಿಗೆ ಹೇಗೆ ತೋರಿಸ್ಲಿ?
- ಹೈಸ್ಕೂಲ್ ಟೀಚರ್, ಹಾಸನ ಜಿಲ್ಲೆ

ಉತ್ತರ: ಮೇಡಂ, ಆ ಹುಡುಗನ್ನ ಮುಂದಿನ ಬೆಂಚಿಗೆ ಕರೆಸಿ, ಅವನ ಕೈಗೇ ಒಂದು 20 ಎಂಎಲ್ ಸಿರಿಂಜ್ ಕೊಡಿ, ಸೂಜಿ ಬೇಡ. ನೀರನ್ನ ಮೊದಲೇ ಒಂದ್ಸಲ ಚೆನ್ನಾಗಿ ಕುದಿಸಿ ಅದ್ರಲ್ಲಿ ಕರಗಿರೋ ಗಾಳಿ ಹೋಗ್ಲಿ, ಆಮೇಲೆ ಸುಮಾರು 70 ಡಿಗ್ರಿಗೆ ಇಳಿದಾಗ 5 ಎಂಎಲ್ ಎಳ್ಕೊಂಡು, ಮೂತಿ ಮೇಲೆ ಮಾಡಿ ಗುಳ್ಳೆಯೆಲ್ಲ ಹೊರಗೆ ತಳ್ಳಿ, ಸೈಕಲ್ ಟ್ಯೂಬಿನ ತುಂಡು ಅಡ್ಡ ಇಟ್ಟು ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಪಿಸ್ಟನ್ ಎಳೀಲಿ. ಒಳಗಿನ ಒತ್ತಡ ಕುಸಿದು ನೀರು ಗುಳುಗುಳು ಕುದಿಯುತ್ತೆ.

ಈಗ ಪಿಸ್ಟನ್ ಬಿಡಕ್ಕೆ ಹೇಳಿ, ಅಸಲಿ ಪಾಠ ಇಲ್ಲೇ ಇರೋದು. ಗುಳ್ಳೆ ಪೂರ್ತಿ ಮಾಯ ಆಗಿ ಪಿಸ್ಟನ್ ಹಳೇ ಗೆರೆಗೇ ವಾಪಸ್ ಬಂದ್ರೆ ಅದು ನೀರಿನ ಆವಿ, ಒತ್ತಿದ ತಕ್ಷಣ ನೀರಾಯ್ತು. ಗಾಳಿ ನುಗ್ಗಿದ್ರೆ ಮೇಲೊಂದು ಗುಳ್ಳೆ ಕೂತೇ ಇರುತ್ತೆ. ಚೂರೇ ಚೂರು ಉಳಿದ್ರೆ ತಲೆ ಕೆಡಿಸ್ಕೋಬೇಡಿ, ಅದು ಕರಗಿದ್ದ ಗಾಳಿ.

ಇನ್ನೊಂದು ಮಾತು, ಇದನ್ನ ತುಂಬಾ ಜನ ಮೇಷ್ಟ್ರುಗಳು ಬಿಟ್ಟೇ ಬಿಡ್ತಾರೆ: 10ರ ಗೆರೆವರೆಗೆ ಎಳೆದ್ರೂ 15ರವರೆಗೆ ಎಳೆದ್ರೂ ಕೈಗೆ ಬರೋ ಬಿಗಿ ಹೆಚ್ಚುಕಮ್ಮಿ ಒಂದೇ. ಬರೀ ಗಾಳಿ ತುಂಬಿದ ಸಿರಿಂಜಲ್ಲಿ ಹಂಗಲ್ಲ, ಎಳೆದಷ್ಟೂ ಬಿಗಿ ಜಾಸ್ತಿ ಆಗ್ತಾ ಹೋಗುತ್ತೆ. ಆವಿಗೆ ಜಾಗ ಹೆಚ್ಚು ಕೊಟ್ರೆ ಇನ್ನಷ್ಟು ನೀರು ಆವಿಯಾಗಿ ಒತ್ತಡ ಅಷ್ಟೇ ಇರುತ್ತೆ, ಅಂದ್ರೆ ಆವಿ ಒತ್ತಡ ಕೇಳೋದು ಬಿಸಿಯನ್ನ, ಜಾಗವನ್ನಲ್ಲ. 25 ಡಿಗ್ರಿಯಲ್ಲಿ ಅದು ಸುಮಾರು 24 ಮಿಲಿಮೀಟರ್ ಪಾದರಸ (ಒತ್ತಡ ಅಳೆಯೋ ಲೆಕ್ಕ), 70ರಲ್ಲಿ 234, 100ರಲ್ಲಿ 760. ಹೊರಗಿನ ಗಾಳಿ ಪಿಸ್ಟನ್ನನ್ನ ಒಳಕ್ಕೆ ತಳ್ತಾ ಇರುತ್ತೆ, ಒಳಗಿನ ಆವಿ ಹೊರಕ್ಕೆ; ಅದಕ್ಕೇ ತಣ್ಣೀರು ತುಂಬಿದ ಸಿರಿಂಜ್ ಎಳೆಯೋದು ಬಿಸಿನೀರಿಗಿಂತ ಕಷ್ಟ, ಎರಡನ್ನೂ ಎಳೆಸಿ ನೋಡಿ.

ನಿಮ್ಮ ಫ್ಲಾಸ್ಕಲ್ಲೂ ಇದೇ ಕಥೆ: ಕುದಿಯುವಾಗ ಹಬೆ ಗಾಳಿಯನ್ನ ಹೊರಗೆ ಓಡಿಸಿತ್ತು, ತಣ್ಣೀರು ಬಿದ್ದಾಗ ಆ ಹಬೆ ನೀರಾಗಿ ಒಳಗಿನ ಒತ್ತಡ ಕುಸೀತು, ಕೆಳಗಿನ ನೀರು ಇನ್ನೂ ಬಿಸಿ ಇತ್ತು, ಕುದೀತು. ದುಂಡು ತಳದ ಫ್ಲಾಸ್ಕೇ ಇರಲಿ, ಚಪ್ಪಟೆ ತಳದ್ದು ಒಳಕ್ಕೆ ಒಡೆಯೋ ಅಪಾಯ ಇದೆ, ಮತ್ತೆ ಬಿರಡೆ ಹಾಕೋ ಮೊದಲು ಸ್ಟವ್ ಆರಿಸಿ.