ಕೊಂದವರು ಯಾರೆಂದು ಬರೆಯುವವರಿಗೆ ಯಾವಾಗ ಗೊತ್ತಾಗಬೇಕು?

ಶಿರಸಿ ಸೀಮೆಯ ಓದುಗರೊಬ್ಬರು ತಾವು ಬರೆಯುತ್ತಿರುವ ಪತ್ತೇದಾರಿ ಕಾದಂಬರಿಯ ಮೊದಲ 120 ಪುಟಗಳನ್ನು ಕಳಿಸಿ, ಜೊತೆಗೊಂದು ಪತ್ರವನ್ನೂ ಬರೆದಿದ್ದಾರೆ. ಆಷಾಢದ ಒಂದು ರಾತ್ರಿ ಅಡಿಕೆ ತೋಟದ ಯಜಮಾನರು ಕೊಟ್ಟಿಗೆಯ ಹಿಂದೆ ಸತ್ತು ಬಿದ್ದಿರುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಅದರ ಬೆನ್ನು ಹತ್ತುತ್ತಾರೆ. ಕಥೆ ಅಲ್ಲಿಗೆ ನಿಂತಿದೆ. “ಕೊಂದವರು ಯಾರೆಂದು ನನಗೇ ಇನ್ನೂ ಗೊತ್ತಿಲ್ಲ, ಗೊತ್ತಾದರೆ ಬರೆಯುವ ಕುತೂಹಲವೇ ಹೋದೀತೆಂಬ ಅಂಜಿಕೆ. ದಿನಕ್ಕೆ ಎಷ್ಟು ಪುಟ ಬರೆಯಬೇಕು? ಸುಳಿವುಗಳನ್ನು ಬಚ್ಚಿಡುವುದು ಹೇಗೆ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಪುಟದ ಲೆಕ್ಕ ಕೇಳುವಾಗ ನೀವು ಎನ್. ನರಸಿಂಹಯ್ಯನವರನ್ನು ನೆನೆದಿದ್ದೀರಿ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಬಾಡಿಗೆ ಪುಸ್ತಕದಂಗಡಿಗಳ ಮುಂದೆ ಒಂದು ತಲೆಮಾರನ್ನೇ ನಿಲ್ಲಿಸಿದವರ ವೇಗವನ್ನು ನಾವು ಬೆರಗಿನಿಂದ ನೋಡಬಹುದೇ ಹೊರತು ಅಳತೆಗೋಲಾಗಿ ಹಿಡಿಯಲಾಗದು. ಕೊಲೆಗಾರ ಯಾರೆಂದು ತಿಳಿಯದೆಯೇ ಬರೆಯತೊಡಗುವ ನಿಮ್ಮ ದಾರಿಗೆ ಹತ್ತಿರದ ಉದಾಹರಣೆಯೆಂದರೆ ಫ್ರೆಂಚಿನಲ್ಲಿ ಬರೆಯುತ್ತಿದ್ದ ಬೆಲ್ಜಿಯಂ ದೇಶದ ಲೇಖಕ ಜಾರ್ಜ್ ಸಿಮೆನಾನ್. ಆತ ಒಂದು ಲಕೋಟೆಯ ಮೇಲೆ ಪಾತ್ರಗಳ ಹೆಸರು, ವಯಸ್ಸು, ಮನೆಮಂದಿಯ ವಿವರಗಳನ್ನು ಗುರುತು ಹಾಕಿಕೊಂಡು, ಮುಂದೇನಾಗುವುದೆಂದು ತಿಳಿಯದೆಯೇ ದಿನಕ್ಕೊಂದು ಅಧ್ಯಾಯದಂತೆ ಬರೆದುಬಿಡುತ್ತಿದ್ದ. ಆದರೆ ನಡುವೆ ಎರಡು ದಿನ ಕಾಯಿಲೆ ಬಿದ್ದರೆ ಅಲ್ಲಿಯವರೆಗಿನ ಅಧ್ಯಾಯಗಳನ್ನು ಎಸೆಯಬೇಕಾಗುತ್ತದೆಂದೂ ಆತನೇ ಹೇಳಿಕೊಂಡಿದ್ದಾನೆ. ಇಡೀ ಕಥೆ ಆ ಕೆಲವು ದಿನ ತಲೆಯಲ್ಲಿ ಬಿಸಿಯಾಗಿರುವುದರಿಂದಲೇ ಆ ದಾರಿ ನಡೆಯುತ್ತಿತ್ತು. ನೀವಾದರೋ ಬ್ಯಾಂಕಿನ ಕೆಲಸ ಮುಗಿಸಿ, ರಾತ್ರಿ ಒಂದು ಗಂಟೆ ಬರೆಯುವವರು. ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಿ ಅದೂ ಇಲ್ಲ. ವರ್ಷಗಟ್ಟಲೆ ಹಿಡಿಯುವ ಬರವಣಿಗೆಯನ್ನು ನೆನಪಿಗೆ ಒಪ್ಪಿಸಿದರೆ ಏನಾಗುತ್ತದೆಂಬುದಕ್ಕೆ ನಿಮ್ಮ ಹಸ್ತಪ್ರತಿಯೇ ಸಾಕ್ಷಿ: ಹನ್ನೊಂದನೆಯ ಪುಟದಲ್ಲಿ ಕುರುಡಿಯಾಗಿದ್ದ ಅಜ್ಜಿ ಎಂಬತ್ತನೆಯ ಪುಟದಲ್ಲಿ ಬತ್ತಿ ಹೊಸೆಯುತ್ತ ದಾರಿಯಲ್ಲಿ ಹೋದವರನ್ನು ಗುರುತಿಸುತ್ತಾಳೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಕಾದಂಬರಿಯನ್ನು ಒಂದು ತಿಂಗಳು ಮುಚ್ಚಿಟ್ಟು, ಅಚ್ಚಾಗದ ಕಥೆಯೊಂದನ್ನು ಮೊದಲು ಬರೆಯಿರಿ: ಆ ರಾತ್ರಿ ನಿಜವಾಗಿ ನಡೆದದ್ದೇನು, ಕೊಂದವರು ಎಷ್ಟು ಹೊತ್ತಿಗೆ ಯಾವ ಬಾಗಿಲಿನಿಂದ ಬಂದರು, ಮರುದಿನ ಯಾರಿಗೆ ಯಾವ ಸುಳ್ಳು ಹೇಳಿದರು ಎಂಬುದನ್ನು ಮೇಷ್ಟ್ರಿನ ನೆರಳೂ ಬೀಳದಂತೆ ಹದಿನೈದು ಪುಟಗಳಲ್ಲಿ. ಕುತೂಹಲ ಹೋಗುತ್ತದೆಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಯಾರು ಕೊಂದರೆಂಬ ಕುತೂಹಲ ಓದುಗನದು, ಅದನ್ನು ಎಷ್ಟು ಹೊತ್ತು ಮುಚ್ಚಿಡಬಲ್ಲೆನೆಂಬ ಕುತೂಹಲ ನಿಮ್ಮದಾಗಬೇಕು. ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯವರ 73 ಟಿಪ್ಪಣಿ ಪುಸ್ತಕಗಳು ಉಳಿದುಬಂದಿವೆ. ಅಂಗಡಿ ಸಾಮಾನಿನ ಪಟ್ಟಿಯ ಪಕ್ಕದಲ್ಲೇ, ಇಂಥವರು ಕೊಂದಿದ್ದರೆ ಹೇಗೆ, ಅಂಥವರಾದರೆ ಹೇಗೆ ಎಂದು ಅವರು ಅವುಗಳಲ್ಲಿ ತಾಳೆ ನೋಡುತ್ತ ಹೋಗಿದ್ದಾರೆ. ಒಂದು ಸಂಜೆಯೆಲ್ಲ ಇಂಥ ತಾಳೆಯಲ್ಲೇ ಕಳೆದು, ಒಂದು ಸಾಲೂ ಕಾದಂಬರಿಗೆ ಸೇರದಿದ್ದರೂ ಅಂದು ನೀವು ಬರೆದಿದ್ದೀರೆಂದೇ ನಾನು ಎಣಿಸುತ್ತೇನೆ. ದಿನಕ್ಕೆ ಎಷ್ಟು ಪುಟ ಎಂಬುದಕ್ಕೆ ನನ್ನಲ್ಲಿರುವ ಉತ್ತರ ಇದೊಂದೇ.

ಇನ್ನು ಸುಳಿವಿನ ಮಾತು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದ. ಅವುಗಳಲ್ಲಿ ಕೆಲವನ್ನು ಓದಿದರೆ ಇಂದು ನಗು ಬರುತ್ತದೆ, ಆದರೆ ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕೆಂಬ ನಿಯಮ ಹಳತಾಗಿಲ್ಲ. ಹಾಗಿದ್ದರೆ ಬಚ್ಚಿಡುವುದೆಲ್ಲಿ? ದಿನಬಳಕೆಯ ರಾಶಿಯಲ್ಲಿ. ನಿಮ್ಮ ಮೂರನೆಯ ಅಧ್ಯಾಯದಲ್ಲಿ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಹಾಕಿದ ಬಟ್ಟೆಗಳ ವರ್ಣನೆಯಿದೆ. ಅವುಗಳ ನಡುವೆ ತಿಳಿನೀಲಿ ಹನಿಗಳು ಬಿದ್ದ ಭಾವನ ಪಂಚೆಯೂ ಒಂದು. ಬಹುಶಃ ನೀವು ಅದನ್ನು ಸುಮ್ಮನೆ, ಕಣ್ಣಿಗೆ ಕಂಡದ್ದೆಂದು ಬರೆದಿದ್ದೀರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಯುವ ಊರಿನಲ್ಲಿ ಅಂಥ ಕಲೆಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಭಾವ ತಾನು ಅಂದು ಬೆಳಗಿನಿಂದ ಪೇಟೆಯಲ್ಲಿದ್ದೆ, ಇಡೀ ದಿನ ಮಳೆ ಹೊಯ್ಯುತ್ತಿತ್ತು ಎನ್ನುತ್ತಾನಲ್ಲವೇ? ಮದ್ದು ಹೊಡೆಯಬೇಕಾದರೆ ಮಳೆ ಹೊಳವಾಗಬೇಕು, ಮತ್ತು ಹನಿ ಬೀಳಬೇಕಾದರೆ ಮರದ ಬುಡದಲ್ಲಿರಬೇಕು! ಎರಡನೆಯ ಅಧ್ಯಾಯದಲ್ಲಿ ಆತ ಮಡಿಕೆ ಬಿಚ್ಚಿದ ಹೊಸ ಪಂಚೆ ಉಟ್ಟು ಹೊರಟನೆಂದು ಒಂದು ಮಾತು ಸೇರಿಸಿ, ಒಂಬತ್ತನೆಯದರಲ್ಲಿ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಅಂದು ಕೂಲಿ ಕೊಟ್ಟ ಲೆಕ್ಕವನ್ನು ಮೇಷ್ಟ್ರ ಕಣ್ಣಿಗೆ ಬೀಳಿಸಿದರೆ ಮೂರು ತುಂಡುಗಳೂ ಓದುಗನ ಎದುರಿಗೇ ಇರುತ್ತವೆ. ಬೆಂಗಳೂರಿನ ಓದುಗನಿಗೆ ಬೋರ್ಡೋ ಗೊತ್ತಿರಲಾರದು. ಅದಕ್ಕಾಗಿ ಕೊಲೆ ನಡೆಯುವುದಕ್ಕೆ ಮೊದಲೇ, ಮದ್ದಿನ ಖರ್ಚಿನ ಬಗ್ಗೆ ಮನೆಯಲ್ಲಿ ಒಂದು ಜಗಳವಾಗಲಿ.

ಪೊಲೀಸರ ವಿಷಯದಲ್ಲಿ ಮಾತ್ರ ನೀವು ಅಸಡ್ಡೆ ಮಾಡಿದ್ದೀರಿ. ಪಂಚರೂ ಶವ ಮಹಜರೂ ಇಲ್ಲದೆ ಹೆಣವನ್ನು ಒಳಗೆ ಸಾಗಿಸಲಾಗಿದೆ. ಸಾವು ಒಂಬತ್ತು ಗಂಟೆ ನಲವತ್ತು ನಿಮಿಷಕ್ಕಾಯಿತೆಂದು ವೈದ್ಯರು ಹೇಳುತ್ತಾರೆ, ಹೆಣದ ಬಿಗಿತ ನೋಡಿ ನಿಮಿಷ ಹೇಳುವ ವೈದ್ಯರಿಲ್ಲ. ಕೊನೆಯ ಅಧ್ಯಾಯದಲ್ಲಿ ಅಪರಾಧಿ ಇನ್ಸ್‌ಪೆಕ್ಟರರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುವಂತೆ ಮಾಡುವ ಯೋಚನೆಯನ್ನೂ ಬರೆದಿದ್ದೀರಿ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಹಾಗಾಗಿ ಆ ಪಂಚೆಯ ಭಾರ ಇನ್ನಷ್ಟು ಹೆಚ್ಚುತ್ತದೆ. ಇದರಿಂದ ಎದೆಗುಂದಬೇಡಿ. ಕ್ರಿಸ್ಟಿಯವರು ತಮ್ಮ ಮೊದಲ ಪತ್ತೇದಾರಿ ಕಾದಂಬರಿಯಲ್ಲಿ ರಹಸ್ಯ ಬಿಡಿಸುವ ಭಾಗವನ್ನು ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ಇಟ್ಟಿದ್ದರು. ನ್ಯಾಯಾಲಯದಲ್ಲಿ ಹೀಗೆ ನಡೆಯದೆಂದು ಪ್ರಕಾಶಕರು ಹೇಳಿದ ಮೇಲೆ ಅದನ್ನು ಮನೆಯ ಪಡಸಾಲೆಗೆ ತಂದು ಮತ್ತೆ ಬರೆದರು. 1916ರಲ್ಲಿ ಬರೆದದ್ದು ಅಚ್ಚಾದದ್ದು 1920ರಲ್ಲಿ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಮುಂದಿನ ಸಲ ಮೊದಲು ಆ ಹದಿನೈದು ಪುಟಗಳನ್ನಷ್ಟೇ ಕಳಿಸಿ. 94ನೇ ಪುಟದಲ್ಲಿ ಭಾವ ಒಂದೇ ರಾತ್ರಿ ಎರಡು ಸಲ ಊಟಕ್ಕೆ ಕೂತಿದ್ದಾನೆ. ಮೊದಲು ಅದು ನಿಮ್ಮ ಕೈತಪ್ಪೆಂದುಕೊಂಡೆ, ಈಗ ಅನುಮಾನ ಬರುತ್ತಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

— ಸಂಪಾದಕ